ತುಂಗಭದ್ರೆಯ ಈಚೆ ದಡದಲ್ಲಿ ಹೆಣ್ಣುಮಕ್ಕಳ ಪಾಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮುಸ್ಲಿಮ್ ಮನೆತನಗಳ ಟ್ರಂಕುಗಳಲ್ಲಿ ಉರ್ದುವಿನಲ್ಲಿ ಬರೆದ, ಫಸಲಿ ವರ್ಷ ನಮೂದಿಸಿದ ಕಾಗದಪತ್ರಗಳು ಇಂದಿಗೂ ದೊರೆಯುವುದುಂಟು. ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತವರಾದ್ದರಿಂದ ಅವುಗಳನ್ನು ಓದಿ ಹೇಳುವವರನ್ನು ಹುಡುಕಬೇಕಾಗುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ನಾಲ್ಕೂ ತಾಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿನಲ್ಲಿದ್ದವು. ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆ, ಅಂದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಪಶ್ಚಿಮಕ್ಕೆ ಗದಗ, ರೋಣ, ಅಂದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ನಮ್ಮ ಬೀಗತನಗಳು ಈ ಗಡಿಗಳನ್ನು ಲೆಕ್ಕಿಸಲಿಲ್ಲ, ಕಾನೂನು ಲೆಕ್ಕಿಸಿತು.

ಬ್ರಿಟಿಷ್ ಭಾರತದಲ್ಲಿ 1937ರಲ್ಲಿ ಷರೀಅತ್ ಅನ್ವಯ ಕಾಯ್ದೆಯೂ 1939ರಲ್ಲಿ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯೂ ಜಾರಿಗೆ ಬಂದವು. ಎರಡನೆಯದರ ಹಿಂದೆ ಉಲಮಾಗಳ ದೊಡ್ಡ ಶ್ರಮವಿದೆ. ಗಂಡ ಕಣ್ಮರೆಯಾದರೆ ಹನಫೀ ಮದ್‌ಹಬ್‌ನ ಪ್ರಕಾರ ಹೆಂಡತಿ ಬಹುಕಾಲ ಕಾಯಬೇಕಿತ್ತು. ಮೌಲಾನಾ ಅಶ್ರಫ್ ಅಲೀ ಥಾನವಿಯವರು ಈ ಸಂಕಟವನ್ನು ಕಂಡು ಮಾಲಿಕೀ ಮದ್‌ಹಬ್‌ನ ಅಭಿಪ್ರಾಯವನ್ನು ಸ್ವೀಕರಿಸಬಹುದೆಂದು ಪ್ರತಿಪಾದಿಸಿದರು. ಕಾಯ್ದೆಯು ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ವಿವಾಹ ವಿಸರ್ಜನೆಯನ್ನು ಕೇಳುವ ಹಕ್ಕನ್ನು ಹೆಣ್ಣಿಗೆ ನೀಡಿತು. ಹೊಸಪೇಟೆಯ ಸೊಸೆಗೆ ಆಗಲೇ ಲಭಿಸಿದ ಈ ಕಾಯ್ದೆಯ ರಕ್ಷಣೆ ಗಂಗಾವತಿಯ ಸೊಸೆಗೆ ಬಂದದ್ದು 1959ರಲ್ಲಿ ಸಂಸತ್ತು ಎರಡೂ ಕಾಯ್ದೆಗಳನ್ನು ಹಿಂದಿನ ಸಂಸ್ಥಾನಗಳ ಪ್ರದೇಶಕ್ಕೆ ವಿಸ್ತರಿಸಿದ ನಂತರವೇ. ನಡುವೆ ಇಪ್ಪತ್ತು ವರ್ಷ ಸಂದವು.

ನಾವು ಹೆಚ್ಚು ಗಮನಿಸಬೇಕಾದದ್ದು 1937ರ ಕಾಯ್ದೆಯ ಒಂದು ವಿನಾಯಿತಿಯನ್ನು. ನಿಕಾಹ್, ಮಹ್ರ್, ತಲಾಕ್, ಹಿಬಾ, ವಾರಸುದಾರಿಕೆ ಇವೆಲ್ಲದರಲ್ಲಿ ರೂಢಿಯನ್ನು ಬದಿಗಿಟ್ಟು ಷರೀಅತ್ತೇ ನಡೆಯಬೇಕೆಂದು ಹೇಳಿದ ಆ ಕಾಯ್ದೆ ಕೃಷಿಭೂಮಿಯನ್ನು ಮಾತ್ರ ಹೊರಗಿಟ್ಟಿತು. ಮದ್ರಾಸ್ ಪ್ರಾಂತವು 1949ರ ತಿದ್ದುಪಡಿಯಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಿತು. ಆಗ ಬಳ್ಳಾರಿ ಜಿಲ್ಲೆ ಆ ಪ್ರಾಂತದಲ್ಲೇ ಇತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ನಮ್ಮ ದಡಕ್ಕೆ ಕಾಯ್ದೆ ಬಂದಾಗ ವಿನಾಯಿತಿಯೂ ಅದರೊಡನೆ ಬಂತು. ಇದರಿಂದ ಹೊಲದಲ್ಲಿ ಹೆಣ್ಣಿಗೆ ಪಾಲಿಲ್ಲವೆಂದು ಅರ್ಥವಲ್ಲ. ಈ ಕಾಯ್ದೆ ಅದನ್ನು ಮುಟ್ಟಲಿಲ್ಲ ಎಂದಷ್ಟೇ ಅರ್ಥ. ಆದರೆ ಹೊಲವನ್ನೇ ನಂಬಿ ಬದುಕುವ ಸೀಮೆಯಲ್ಲಿ ಹೊಲವನ್ನು ಬಿಟ್ಟರೆ ಹಂಚಲು ಉಳಿಯುವುದೇನು?

ಅಲ್ಲಾಹನ ಗ್ರಂಥದಲ್ಲಿ ಇಂತಹ ವಿನಾಯಿತಿ ಇಲ್ಲ. ಅನ್ನಿಸಾ ಅಧ್ಯಾಯದ 7ನೇ ಸೂಕ್ತವು ಸೊತ್ತು ಸ್ವಲ್ಪವಿರಲಿ, ಹೆಚ್ಚಿರಲಿ, ಗಂಡಿಗಿರುವಂತೆ ಹೆಣ್ಣಿಗೂ ಅದರಲ್ಲಿ ಪಾಲನ್ನು ಕಡ್ಡಾಯಗೊಳಿಸುತ್ತದೆ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀ(ರ)ರ ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದ ಪ್ರಸಂಗ ಹದೀಸ್‌ನಲ್ಲಿದೆ. ಮಕ್ಕಳ ಚಿಕ್ಕಪ್ಪ ಸೊತ್ತನ್ನೆಲ್ಲ ತೆಗೆದುಕೊಂಡಿದ್ದರು. ಸೊತ್ತಿಲ್ಲದೆ ಈ ಹುಡುಗಿಯರಿಗೆ ಮದುವೆಯೂ ಆಗದೆಂಬುದು ಆ ತಾಯಿಯ ದೂರು. ವಾರಸು ಹಕ್ಕಿನ ಸೂಕ್ತ ಅವತೀರ್ಣವಾದಾಗ ಪ್ರವಾದಿವರ್ಯರು(ಸ) ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು ಪಾಲನ್ನು, ತಾಯಿಗೆ ಎಂಟನೇ ಒಂದು ಪಾಲನ್ನು ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವಂತೆ ಆಜ್ಞಾಪಿಸಿದರು. ಇಲ್ಲಿ ದೂರು ತಂದವಳು ಹೆಣ್ಣು. ತವರಿನವರ, ಗಂಡನ ಮನೆಯವರ ಮರ್ಯಾದೆಗೆ ಧಕ್ಕೆಯಾಗುತ್ತದೆಂದು ಆಕೆಯನ್ನು ಯಾರೂ ಸುಮ್ಮನಿರಿಸಲಿಲ್ಲ.

ನಮ್ಮಲ್ಲಿ ಪಾಲಿನ ಪ್ರಶ್ನೆ ತೀವ್ರವಾದದ್ದು ನೀರು ಬಂದ ಮೇಲೆ. ಜೋಳ, ಸಜ್ಜೆ ಬೆಳೆಯುವ ಒಣಹೊಲವಾಗಿದ್ದಾಗ ಅಕ್ಕತಂಗಿಯರ ಪಾಲಿನ ಬಗ್ಗೆ ಹೆಚ್ಚು ಜಗಳವಿರಲಿಲ್ಲ, ಅದರಿಂದ ಬರುವುದೂ ಅಷ್ಟಕ್ಕಷ್ಟೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯ ಕಡೆ ಹರಿದಾಗ ಅದೇ ನೆಲ ಭತ್ತದ ಗದ್ದೆಯಾಯಿತು. ಕುಷ್ಟಗಿ, ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನೋಡುತ್ತ ಉಳಿದವು. ನೆಲದ ಬೆಲೆ ಏರಿದಂತೆ ಹಕ್ಕುಬಿಡುಗಡೆ ಪತ್ರದ ಮೇಲೆ ಅಕ್ಕತಂಗಿಯರ ಸಹಿ ಪಡೆಯುವ ಆತುರವೂ ಏರಿತು.

ತಂದೆ 24 ಎಕರೆ ಬಿಟ್ಟು ತೀರಿಕೊಂಡರೆಂದು ಇಟ್ಟುಕೊಳ್ಳೋಣ. ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಸಾಲ, ವಸಿಯ್ಯತ್ ತೀರಿದ ಮೇಲೆ ತಾಯಿಗೆ 3 ಎಕರೆ. ಉಳಿದ 21ರಲ್ಲಿ ಪ್ರತಿ ಮಗನಿಗೆ 7 ಎಕರೆ, ಪ್ರತಿ ಮಗಳಿಗೆ 3 ಎಕರೆ 20 ಗುಂಟೆ. ಲೆಕ್ಕ ಇಷ್ಟು ಸರಳ. ಆದರೂ ಪಹಣಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಉಳಿಯುತ್ತದೆ. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಕೊಟ್ಟಿದ್ದೇವೆ ಎಂಬ ಮಾತು ಸಿದ್ಧವಾಗಿರುತ್ತದೆ. ಮದುವೆಯ ಖರ್ಚು ವಾರಸು ಪಾಲಿಗೆ ವಜಾ ಆಗುವುದಿಲ್ಲ. ಅಳಿಯನಿಗೆ ಕೊಟ್ಟ ವರದಕ್ಷಿಣೆಗಂತೂ ಷರೀಅತ್ತಿನಲ್ಲಿ ಸ್ಥಾನವಿಲ್ಲ, 1961ರ ಕಾಯ್ದೆಯ ಪ್ರಕಾರ ಅದು ಅಪರಾಧ. ತಂದೆ ಬದುಕಿರುವಾಗಲೇ ಮಗಳಿಂದ ಬರೆಸಿಕೊಂಡ ತ್ಯಾಗಪತ್ರಕ್ಕೂ ಫಿಕ್‌ಹ್‌ನಲ್ಲಿ ಬೆಲೆಯಿಲ್ಲ, ಏಕೆಂದರೆ ಆಗ ಆಕೆಯ ಹಕ್ಕು ಇನ್ನೂ ಹುಟ್ಟಿರುವುದಿಲ್ಲ.

ಹೆಣ್ಣು ಏಕೆ ಸಹಿ ಹಾಕುತ್ತಾಳೆ? ಓದುಬರಹ ಬಾರದೆಂದು ಮಾತ್ರವಲ್ಲ. ನಾಳೆ ಗಂಡ ಕೈಬಿಟ್ಟರೆ ಬಂದು ನಿಲ್ಲಲು ಇರುವುದು ಅಣ್ಣನ ಹೊಸ್ತಿಲೊಂದೇ. ಪಾಲು ಕೇಳಿದರೆ ಆ ಹೊಸ್ತಿಲು ಮುಚ್ಚೀತೆಂಬ ಭಯ ಆಕೆಗಿದೆ. ಭಯದಿಂದ ಬಿಟ್ಟದ್ದನ್ನು ಸಂತೋಷದಿಂದ ಕೊಟ್ಟದ್ದೆಂದು ಕರೆಯಲು ನಮಗೆ ಮನಸ್ಸು ಒಪ್ಪದು. 1985ರ ಶಾಬಾನು ತೀರ್ಪಿನಿಂದ 2019ರ ತಲಾಕ್ ಕಾಯ್ದೆಯವರೆಗೆ ನಮ್ಮ ಜಮಾಅತ್‌ಗಳಲ್ಲಿ ನಡೆದ ಚರ್ಚೆಯ ಹತ್ತನೇ ಒಂದರಷ್ಟಾದರೂ ಈ ಹೊಸ್ತಿಲಿನ ಬಗ್ಗೆ ನಡೆದಿದ್ದರೆ!

ನೆರೆಯ ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಗೆ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳನ್ನಾಗಿಸಿದ್ದು ಕರ್ನಾಟಕದ 1994ರ ತಿದ್ದುಪಡಿ. ಅಷ್ಟರಲ್ಲಿ ಮದುವೆಯಾಗಿದ್ದವರು ಅದರಿಂದ ಹೊರಗುಳಿದರು, ಅವರನ್ನೂ ಒಳಗೊಂಡದ್ದು 2005ರ ಕೇಂದ್ರ ಕಾಯ್ದೆ. ನಮ್ಮಲ್ಲಿ ಗಂಡಿಗೂ ಹುಟ್ಟಿನಿಂದ ಹಕ್ಕಿಲ್ಲ. ತಂದೆಯ ಮರಣದ ಕ್ಷಣದಲ್ಲಿ ಎಲ್ಲರ ಹಕ್ಕೂ ಒಟ್ಟಿಗೆ ಹುಟ್ಟುತ್ತದೆ, ಹಂಚದಿದ್ದರೂ ಅದು ಅಳಿಯುವುದಿಲ್ಲ. ಆಕೆ ಪಡೆಯದೆ ತೀರಿಹೋದರೆ ಆ 3 ಎಕರೆ 20 ಗುಂಟೆ ಆಕೆಯ ಗಂಡ, ಮಕ್ಕಳಿಗೆ ಇಳಿಯುತ್ತದೆ. ಫಿಕ್‌ಹ್‌ನಲ್ಲಿ ಇದಕ್ಕೆ ಮುನಾಸಖಾ ಎಂದು ಹೆಸರು. ಮೂರು ತಲೆಮಾರು ಹಂಚದೆ ಉಳಿದ ಹೊಲದ ವಂಶವೃಕ್ಷ ಬರೆಸಲು ಹೋಗುವ ಮೊಮ್ಮಗನು, ಊರು ಬಿಟ್ಟು ಮದುವೆಯಾಗಿ ಹೋಗಿ ಅಲ್ಲೇ ಮಣ್ಣಾದ ಅಜ್ಜನ ಅಕ್ಕತಂಗಿಯರ ಹೆಸರಿನಿಂದಲೇ ಆರಂಭಿಸಬೇಕಾಗುತ್ತದೆ.