ವಿಲಿಯಂ ಯಾಂಗ್

1943-. ಆಸ್ಟ್ರೇಲಿಯದ ಛಾಯಾಗ್ರಾಹಕ, ನಾಟಕಕಾರ, ಏಕವ್ಯಕ್ತಿ ರಂಗಪ್ರಯೋಗಗಳ ಕರ್ತೃ. ಚೀನದಿಂದ ಬಂದು ನೆಲೆಸಿದ ಮನೆತನದ ಮೂರನೆಯ ತಲೆಮಾರಿನವರು, ಸಲಿಂಗಪ್ರೇಮಿ. ಈ ಎರಡು ಗುರುತುಗಳೂ ಒಂದು ಕಾಲಕ್ಕೆ ಇವರ ನಾಡಿನಲ್ಲಿ ಅಡಗಿಸಿಡಬೇಕಾದವಾಗಿದ್ದವು. ಎರಡನ್ನೂ ಒಂದೇ ಆಲ್ಬಮ್ಮಿಗೆ ತಂದು, ಚಿತ್ರದ ಮೇಲೆ ಕೈಬರಹದಲ್ಲಿ ಕಥೆ ಬರೆದು, ಭಾವಚಿತ್ರವನ್ನು ಸಾಕ್ಷ್ಯವಾಗಿ ಮಾರ್ಪಡಿಸಿದ್ದು ಇವರ ದೊಡ್ಡ ಕೆಲಸ.

ಯಾಂಗ್ ಹುಟ್ಟಿದ್ದು ಕ್ವೀನ್ಸ್‌ಲ್ಯಾಂಡಿನ ಉತ್ತರಭಾಗದ ಮರೀಬಾದಲ್ಲಿ. ಬೆಳೆದದ್ದು ಹತ್ತಿರದ ಡಿಂಬ್ಯುಲಾ ಎಂಬಲ್ಲಿ, ಹೊಗೆಸೊಪ್ಪು ಬೆಳೆಯುವ ಕುಟುಂಬದಲ್ಲಿ. 1870ರ ದಶಕದಲ್ಲಿ ಆ ಸೀಮೆಯ ಪಾಮರ್ ನದಿಯ ಬಳಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ ದಕ್ಷಿಣ ಚೀನದಿಂದ ಸಾವಿರಾರು ಜನ ಹಡಗೇರಿ ಬಂದಿದ್ದರು. ಯಾಂಗರ ಅಜ್ಜಂದಿರು ಬಂದದ್ದು 1880ರ ದಶಕದಲ್ಲಿ. ಚಿನ್ನ ಬರಿದಾದ ಮೇಲೆ ಉಳಿದವರು ಕಬ್ಬು, ಬಾಳೆ, ಅಂಗಡಿ ವ್ಯಾಪಾರ ಹಿಡಿದು ನಿಂತರು. ಆದರೆ 1901ರಲ್ಲಿ ಆಸ್ಟ್ರೇಲಿಯ ಒಕ್ಕೂಟವಾದ ವರ್ಷವೇ ವಲಸೆ ನಿರ್ಬಂಧ ಕಾನೂನು ಬಂತು. ಬಂದರಿನ ಅಧಿಕಾರಿ ತನಗೆ ಬೇಕಾದ ಯಾವುದೋ ಐರೋಪ್ಯ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಬೇಡವಾದವರನ್ನು ಫೇಲು ಮಾಡಲೆಂದೇ ಹೂಡಿದ ಪರೀಕ್ಷೆ ಅದು. ಈ ಪರೀಕ್ಷೆ 1958ರವರೆಗೆ ನಡೆಯಿತು. ‘ಬಿಳಿ ಆಸ್ಟ್ರೇಲಿಯ’ ನೀತಿ ಪೂರ್ತಿ ಕೊನೆಗೊಂಡದ್ದು 1973ರಲ್ಲಿ. ಯಾಂಗ್ ಹುಟ್ಟಿ, ಓದಿ, ಮೂವತ್ತರ ಪ್ರಾಯಕ್ಕೆ ಬರುವ ತನಕ ಅವರ ಚಹರೆಯವರು ದೇಶಕ್ಕೆ ಬೇಡ ಎಂಬುದು ಸರ್ಕಾರದ ಘೋಷಿತ ನಿಲುವೇ ಆಗಿತ್ತು.

ಮನೆಯೊಳಗೆ ಇದರ ಪರಿಣಾಮ ಮೌನವಾಗಿತ್ತು. ತಂದೆಯ ಮಾತು ಹಕ್ಕಾ, ತಾಯಿಯದು ಕ್ಯಾಂಟನೀಸ್. ಮನೆಯಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್. ಮಕ್ಕಳಿಗೆ ಚೀನೀ ಭಾಷೆ ಕಲಿಸಲಿಲ್ಲ. ಚೀನೀಯರಾಗಿರುವುದು ಬದುಕಿಗೊಂದು ಹೊರೆ, ಮಕ್ಕಳು ಬಿಳಿಯರಿಗಿಂತ ಹೆಚ್ಚು ಆಸ್ಟ್ರೇಲಿಯನ್ನರಾಗಬೇಕು ಎಂಬುದು ತಾಯಿಯ ಎಣಿಕೆ. ಯಾಂಗ್ ಆರು ವರ್ಷದ ಹುಡುಗನಾಗಿದ್ದಾಗ ಶಾಲೆಯಲ್ಲಿ ಹುಡುಗನೊಬ್ಬ ಚೀನೀಯರನ್ನು ಹಂಗಿಸುವ ಪ್ರಾಸದ ಪದ್ಯ ಹೇಳಿ ಗೇಲಿ ಮಾಡಿದ. ಮನೆಗೆ ಬಂದು, ‘ಅಮ್ಮಾ, ನಾನು ಚೀನೀಯನಲ್ಲ, ಅಲ್ಲವಾ?’ ಎಂದು ಕೇಳಿದರೆ, ಹೌದು, ನೀನು ಚೀನೀಯನೇ ಎಂಬ ಗಡಸು ಉತ್ತರ ತಾಯಿಯಿಂದ ಬಂತು. ಅದಕ್ಕೆ ಹೊಂದಿಕೊಳ್ಳುವುದನ್ನು ಕಲಿ ಎಂದವನು ಅಣ್ಣ. ಯಾಂಗ್ ಇದನ್ನು ಬದುಕಿನುದ್ದಕ್ಕೂ ಹೇಳುತ್ತ ಬಂದಿದ್ದಾರೆ. ಗೇಲಿಗಿಂತ ತಾಯಿಯ ದನಿಯೇ ಹೆಚ್ಚು ಕಾಲ ಒಳಗೆ ನಿಂತಿತು ಎಂದು ಈ ಕಥನದಿಂದ ಅನಿಸುತ್ತದೆ. ತಾಯಿಗೆ ಕ್ರೌರ್ಯವಿರಲಿಲ್ಲ, ಅಂಜಿಕೆಯಿತ್ತು. ಆ ಅಂಜಿಕೆಗೆ ಕಾರಣವಾದ ಘಟನೆಯನ್ನು ಹುಡುಕಿಕೊಂಡು ಮಗ ಮುಂದೆ ಹೊರಡಬೇಕಾಯಿತು.

ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿದ ಯಾಂಗ್ 1969ರಲ್ಲಿ ಸಿಡ್ನಿಗೆ ಬಂದರು. ರಂಗನಿರ್ದೇಶಕ ರೆಕ್ಸ್ ಕ್ರಾಂಫೋರ್ನರ ತಂಡದ ಒಡನಾಟದಲ್ಲಿ ನಾಟಕ ಬರೆದರು. ನಾಟಕದಿಂದ ಹೊಟ್ಟೆ ತುಂಬಲಿಲ್ಲ. 1974ರಿಂದ ಕ್ಯಾಮೆರಾವೇ ಜೀವನೋಪಾಯವಾಯಿತು. ಪತ್ರಿಕೆಗಳಿಗಾಗಿ ಪಾರ್ಟಿಗಳ, ನಾಟಕ-ಫ್ಯಾಷನ್ ಮಂದಿಯ ಚಿತ್ರ ತೆಗೆಯುತ್ತಲೇ ತಮ್ಮದೇ ಬಳಗದ ಸಲಿಂಗಪ್ರೇಮಿಗಳ ಚಿತ್ರಗಳನ್ನೂ ತೆಗೆದರು. 1977ರಲ್ಲಿ ಆಸ್ಟ್ರೇಲಿಯನ್ ಸೆಂಟರ್ ಫಾರ್ ಫೋಟೋಗ್ರಫಿಯಲ್ಲಿ ನಡೆದ ‘ಸಿಡ್ನಿಫೈಲ್ಸ್’ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ಇಂದು ನೋಡುವವರಿಗೆ ಅವು ನಗುವ, ಕುಣಿಯುವ ಹುಡುಗರ ಹಗುರವಾದ ಚಿತ್ರಗಳೆನಿಸಬಹುದು. ಆದರೆ ಆಗ ನ್ಯೂ ಸೌತ್ ವೇಲ್ಸ್‌ನಲ್ಲಿ ಗಂಡಸರ ನಡುವಿನ ಸಂಬಂಧ ಶಿಕ್ಷಾರ್ಹ ಅಪರಾಧ. ಆ ಕಾನೂನು ರದ್ದಾದದ್ದು 1984ರಲ್ಲಿ. 1978ರ ಜೂನ್ 24ರ ರಾತ್ರಿ ನಡೆದ ಸಿಡ್ನಿಯ ಸಲಿಂಗಪ್ರೇಮಿಗಳ ಮೊದಲ ಮಾರ್ಡಿ ಗ್ರಾ ಮೆರವಣಿಗೆಯಲ್ಲಿ ಪೊಲೀಸರು 53 ಜನರನ್ನು ಬಂಧಿಸಿದರು. ಅವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾಗಿ ಹಲವರು ಕೆಲಸ ಕಳೆದುಕೊಂಡರು. ಹೆಸರು ಬಯಲಾದರೆ ಅನ್ನ ಹೋಗುವ ದಿನಗಳಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟವರ ಧೈರ್ಯವನ್ನು ಮರೆತು ಈ ಚಿತ್ರಗಳನ್ನು ನೋಡಲಾಗದು.

ಇಷ್ಟಾದರೂ ಆ ಬಳಗದೊಳಗೂ ಯಾಂಗರಿಗೆ ಪೂರ್ತಿ ಜಾಗವಿರಲಿಲ್ಲ. ಸಿಡ್ನಿಯ ಬಾರು, ಕ್ಲಬ್ಬುಗಳು ಆರಾಧಿಸುತ್ತಿದ್ದ ಚೆಲುವು ಬಿಳಿಯರದು. ಅಲ್ಲಿ ಏಷ್ಯದ ಗಂಡಸು ಎದುರಿಗಿದ್ದೂ ಯಾರ ಕಣ್ಣಿಗೂ ಬೀಳದವನಾಗಿದ್ದ ಎಂದು ಅವರು ಹೇಳಿಕೊಂಡಿದ್ದಾರೆ. ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹತ್ತು ವರ್ಷ ಕಳೆದ ಮೇಲೂ ಚೀನೀಯತನ ಒಳಗೇ ಉಳಿದಿತ್ತು. 1980ರ ದಶಕದ ಮೊದಲಲ್ಲಿ ತಾವೋ ಮಾರ್ಗದ ಗುರುವೊಬ್ಬರ ಬಳಿ ಕಲಿಯತೊಡಗಿದ್ದು ಅವರನ್ನು ಬೇರಿನ ಕಡೆ ತಿರುಗಿಸಿತು. 1983ರಲ್ಲಿ ಯಂಗ್ ಎಂದು ಆಂಗ್ಲೀಕರಣಗೊಂಡಿದ್ದ ಮನೆತನದ ಹೆಸರನ್ನು ಯಾಂಗ್ ಎಂದು ತಿದ್ದಿಕೊಂಡರು. ಸಲಿಂಗಪ್ರೇಮಿಯಾಗಿ ಹೊರಬಂದ ಹಾಗೆಯೇ ಚೀನೀಯನಾಗಿಯೂ ಹೊರಬಂದೆ ಎಂಬುದು ಅವರ ವಿವರಣೆ. ಎರಡೂ ಒಂದೇ ಬಗೆಯ ಬಿಡುಗಡೆಗಳೆಂದು ಕಂಡುಕೊಂಡದ್ದರಿಂದಲೇ ಮುಂದಿನ ಕೃತಿಗಳು ಸಾಧ್ಯವಾದವು.

1989ರಿಂದ ಯಾಂಗ್ ಸ್ಲೈಡುಗಳನ್ನು ತೆರೆಯ ಮೇಲೆ ಹಾಯಿಸುತ್ತ, ಪಕ್ಕದಲ್ಲಿ ನಿಂತು ಕಥೆ ಹೇಳುವ ಪ್ರಯೋಗಗಳನ್ನು ಶುರುಮಾಡಿದರು. ಅಭಿನಯವಿಲ್ಲ, ಏರಿಳಿತವಿಲ್ಲ, ಸಪಾಟಾದ, ನಿಧಾನವಾದ ದನಿ. 1992ರ ‘ಸ್ಯಾಡ್‌ನೆಸ್’ ಇವುಗಳಲ್ಲಿ ಶ್ರೇಷ್ಠವಾದದ್ದು. ಇದರಲ್ಲಿ ಎರಡು ಎಳೆಗಳಿವೆ. ಒಂದು, ಕಬ್ಬಿನ ತೋಟದ ಒಡೆಯರಾಗಿದ್ದ ಬಂಧು ವಿಲಿಯಂ ಫಾಂಗ್ ಯುಯೆನ್ 1922ರಲ್ಲಿ ಕೊಲೆಯಾದ ಪ್ರಕರಣ. ಗುಂಡು ಹಾರಿಸಿದವನು ತೋಟದ ಬಿಳಿಯ ಮ್ಯಾನೇಜರ್. ನ್ಯಾಯಾಲಯದಲ್ಲಿ ಅವನಿಗೆ ಖುಲಾಸೆಯಾಯಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಈ ಸಾವನ್ನು ಯಾಂಗ್ ನೆಂಟರ ಮನೆಯಿಂದ ಮನೆಗೆ ಹೋಗಿ ವಿಚಾರಿಸುತ್ತಾರೆ. ಹೋದಲ್ಲೆಲ್ಲ ಅಜ್ಜಿಯರ, ಚಿಕ್ಕಮ್ಮಂದಿರ ಭಾವಚಿತ್ರ ತೆಗೆಯುತ್ತಾರೆ. ಎರಡನೆಯ ಎಳೆ ಸಿಡ್ನಿಯದು: ಏಡ್ಸ್‌ನಿಂದ ಒಬ್ಬೊಬ್ಬರಾಗಿ ಸಾಯುತ್ತಿದ್ದ ಗೆಳೆಯರು. ಒಂದು ಕಾಲಕ್ಕೆ ಪ್ರೇಮಿಯೂ ಆಗಿದ್ದ ಅಲನ್ ಎಂಬಾತನ ಚಿತ್ರಸರಣಿ ಇದರ ಹೃದಯ. ಆಸ್ಪತ್ರೆಯ ಹಾಸಿಗೆ, ಸ್ವಲ್ಪ ಚೇತರಿಕೆ, ಮತ್ತೆ ಇಳಿದುಹೋದ ಕೆನ್ನೆ, 1990ರಲ್ಲಿ ಸಾವು. ಪ್ರತಿ ಚಿತ್ರದ ಕೆಳಗೂ ಆ ದಿನ ಏನಾಯಿತೆಂಬ ಎರಡು-ಮೂರು ಸಾಲು.

ಈ ಎರಡು ಕಥೆಗಳನ್ನು ಯಾಂಗ್ ಬಿಗಿಯಾಗಿ ಹೆಣೆಯುವುದಿಲ್ಲ, ಇದಕ್ಕೂ ಅದಕ್ಕೂ ಸಂಬಂಧ ಹೀಗೆ ಎಂದು ವಿವರಿಸುವುದೂ ಇಲ್ಲ. ಉತ್ತರದ ಒಬ್ಬ ಚಿಕ್ಕಮ್ಮನ ಬೆನ್ನಿಗೇ ಆಸ್ಪತ್ರೆಯ ಒಬ್ಬ ಗೆಳೆಯ ತೆರೆಯ ಮೇಲೆ ಬರುತ್ತಾನೆ. ರಕ್ತಸಂಬಂಧಿಗಳೂ ಗೆಳೆಯರೂ ಒಂದೇ ಕುಟುಂಬವಾಗಿ ಕಾಣತೊಡಗುತ್ತಾರೆ. ಎರಡೂ ಕಡೆ ಸಾವಿನ ಸುತ್ತ ನಾಚಿಕೆ ಮತ್ತು ಮೌನ ಕವಿದಿದ್ದವೆಂಬುದು ನೋಡುವವರಿಗೆ ತಾನಾಗಿಯೇ ಹೊಳೆಯುತ್ತದೆ. ಈ ಪ್ರಯೋಗ ದೇಶವಿದೇಶ ಸುತ್ತಿತು. 1996ರಲ್ಲಿ ಪುಸ್ತಕವಾಯಿತು, 1999ರಲ್ಲಿ ಟೋನಿ ಐರ್ಸ್ ಇದನ್ನು ಸಾಕ್ಷ್ಯಚಿತ್ರವಾಗಿಸಿದರು.

ಗೋಡೆಗೆ ತೂಗುವ ಚಿತ್ರಗಳಲ್ಲಿ ಯಾಂಗರ ವಿಶಿಷ್ಟತೆ ಮುದ್ರಿತ ಪಟದ ಮೇಲೆಯೇ ಕಪ್ಪು ಶಾಯಿಯ ಕೈಬರಹ. ಶಾಲೆಯ ಗೇಲಿಯ ಪ್ರಸಂಗವನ್ನು ಅವರು ತಮ್ಮ ಬಾಲ್ಯದ ಒಂದು ಹಳೆಯ ಫೋಟೋದ ಮೇಲೆ ಬರೆದಿದ್ದಾರೆ. ಬರಹವಿಲ್ಲದಿದ್ದರೆ ಅದು ಯಾವ ಮನೆಯಲ್ಲಾದರೂ ಸಿಗುವ ಹುಡುಗನ ಚಿತ್ರ. ತಾರತಮ್ಯವನ್ನು ಕ್ಯಾಮೆರಾ ನೇರವಾಗಿ ಹಿಡಿಯಲಾರದು. ಬೈಗುಳಕ್ಕೆ ರೂಪವಿಲ್ಲ, ಸಿಗದೆಹೋದ ನ್ಯಾಯಕ್ಕೆ ಮುಖವಿಲ್ಲ, ಕಲಿಸದೆ ಬಿಟ್ಟ ಭಾಷೆ ಚಿತ್ರದಲ್ಲಿ ಕಾಣುವುದಿಲ್ಲ. ಆ ಕೊರತೆಯನ್ನು ತುಂಬುವುದು ಈ ಅಕ್ಷರಗಳು. ಛಾಯಾಚಿತ್ರ ಮಾತಿಲ್ಲದೆ ನಿಲ್ಲಬೇಕೆಂದು ವಾದಿಸುವವರಿಗೆ ಇದು ಒಪ್ಪಿಗೆಯಾಗದಿರಬಹುದು. ಆದರೆ ಬೇರೆಯವರೇ ಶೀರ್ಷಿಕೆ ಕೊಡುತ್ತ ಬಂದ ಮುಖವೊಂದು ತನ್ನ ಕಥೆಯನ್ನು ತಾನೇ ಬರೆದುಕೊಳ್ಳುವುದು ಇಲ್ಲಿ ಅಲಂಕಾರವಲ್ಲ, ಅಗತ್ಯ.

ಮುಂದಿನ ಪ್ರಯೋಗಗಳಲ್ಲಿ ‘ಫ್ರೆಂಡ್ಸ್ ಆಫ್ ಡೊರೊತಿ’ ಸಿಡ್ನಿಯ ಸಲಿಂಗಪ್ರೇಮಿ ಸಮುದಾಯದ ಕಥೆ. 1999ರ ‘ಬ್ಲಡ್ ಲಿಂಕ್ಸ್’ ದೇಶದೇಶಗಳಲ್ಲಿ ಚದುರಿದ ನೆಂಟರ ಶೋಧ. ‘ಶ್ಯಾಡೋಸ್’ ಆಸ್ಟ್ರೇಲಿಯದ ಮೂಲನಿವಾಸಿಗಳ ಹಾಗೂ ಜರ್ಮನ್ ವಲಸಿಗರ ಪಾಡನ್ನು ಕುರಿತದ್ದು. ನೊಬೆಲ್ ಪುರಸ್ಕೃತ ಕಾದಂಬರಿಕಾರ ಪ್ಯಾಟ್ರಿಕ್ ವೈಟ್ ಇವರ ಆಪ್ತರಾಗಿದ್ದರು. ಅವರ ಕೊನೆಗಾಲದ ಚಿತ್ರಗಳ ಸಂಪುಟ 1995ರಲ್ಲಿ ಬಂತು. ಜಪಾನಿನ ಹಿಗಾಶಿಕಾವಾ ಉತ್ಸವದ ಅಂತಾರಾಷ್ಟ್ರೀಯ ಛಾಯಾಗ್ರಾಹಕ ಪ್ರಶಸ್ತಿ (1993), ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ (1998) ಇವರಿಗೆ ಸಂದಿವೆ. 2021ರಲ್ಲಿ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿ ಇವರ ಜೀವಮಾನದ ಕೆಲಸವನ್ನು ‘ಸೀಯಿಂಗ್ ಅಂಡ್ ಬೀಯಿಂಗ್ ಸೀನ್’ ಎಂಬ ಹೆಸರಿನಲ್ಲಿ ಪ್ರದರ್ಶಿಸಿತು.

ಇದೇ ಹಾದಿಯಲ್ಲಿ ಬೇರೆ ಬಗೆಯಾಗಿ ನಡೆದವರೂ ಇದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ಕೆನಡದಲ್ಲಿ ಬೆಳೆದು, ನ್ಯೂಯಾರ್ಕಿನಲ್ಲಿ ನೆಲೆಸಿದ ತ್ಸೆಂಗ್ ಕ್ವಾಂಗ್ ಚಿ (1950-90) ಮಾವೋ ಕೋಟು, ಕಪ್ಪು ಕನ್ನಡಕ, ಎದೆಗೊಂದು ಗುರುತಿನ ಬಿಲ್ಲೆ ತೊಟ್ಟು ಸ್ವಾತಂತ್ರ್ಯ ಪ್ರತಿಮೆ, ಡಿಸ್ನಿಲ್ಯಾಂಡ್, ಐಫೆಲ್ ಗೋಪುರಗಳ ಮುಂದೆ ತಮ್ಮದೇ ಚಿತ್ರ ತೆಗೆದುಕೊಂಡರು. ಆ ಉಡುಪು ಕಂಡವರು ಅವರನ್ನು ಚೀನದ ಗಣ್ಯ ಅತಿಥಿಯೆಂದೇ ನಂಬುತ್ತಿದ್ದರು. ಒಳಗಿನ ಮನುಷ್ಯನನ್ನು ಯಾರೂ ನೋಡುವುದಿಲ್ಲ ಎಂಬುದನ್ನು ವೇಷವೇ ಹೇಳುತ್ತದೆ. ಅವರೂ ಏಡ್ಸ್‌ನಿಂದ 39ನೆಯ ವಯಸ್ಸಿಗೆ ತೀರಿಕೊಂಡರು. ಅಮೆರಿಕದ ಮೆಂಫಿಸ್‌ನ ಛಾಯಾಗ್ರಾಹಕ ಟಾಮಿ ಖಾ ತಮ್ಮ ಮುಖದ ರಟ್ಟಿನ ಪ್ರತಿಕೃತಿಗಳನ್ನು, ತಮ್ಮ ತಾಯಿಯನ್ನು ಚಿತ್ರಗಳಲ್ಲಿ ಬಳಸುತ್ತಾರೆ. ಗಾಯಕ ಎಲ್ವಿಸ್ ಪ್ರೆಸ್ಲಿಯ ಉಡುಪಿನಲ್ಲಿ ತಾವೇ ನಿಂತಂತಿದ್ದ ಅವರ ಚಿತ್ರವೊಂದನ್ನು 2022ರಲ್ಲಿ ಮೆಂಫಿಸ್ ವಿಮಾನ ನಿಲ್ದಾಣದವರು ದೂರುಗಳು ಬಂದವೆಂದು ತೆಗೆದುಹಾಕಿದರು. ಕಲಾವಿದರೂ ಊರಿನವರೂ ಪ್ರತಿಭಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಇದ್ದ ಜಾಗದಲ್ಲೇ ಮತ್ತೆ ಹಾಕಬೇಕಾಯಿತು.