ಬೆಟ್ಟ ಹತ್ತುವಾಗ ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಯೇ?

ಕರ್ಪೂರ, ಲವಂಗ, ಓಮ ಕಟ್ಟಿದ ಗಂಟನ್ನು ಮೂಸಿದರೆ ದೇಹದಲ್ಲಿ ಆಮ್ಲಜನಕ ಏರುತ್ತದೆ ಎಂಬ ವಾಟ್ಸಾಪ್ ಸಂದೇಶ 2021ರ ಕೋವಿಡ್ ಅಲೆಯಲ್ಲಿ ಹರಿದಾಡಿತ್ತು. ಲಡಾಖ್ ಪ್ರವಾಸಿಗರಿಗೂ ಇದನ್ನೇ ಕೊಡುತ್ತಾರೆ ಎಂದು ಅದರಲ್ಲಿತ್ತು. ಹಾಗಾದರೆ ಚಾರಣಕ್ಕೆ ಹೋಗುವಾಗ ಕರ್ಪೂರ ಇಟ್ಟುಕೊಂಡರೆ ಉಪಯೋಗವೇ?

ಇಲ್ಲ. ಕರ್ಪೂರದ ಘಾಟು ಮೂಗಿನೊಳಗಿನ, ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ. ಉಸಿರಾಟ ಸಲೀಸಾದಂತೆ ಅನ್ನಿಸುತ್ತದೆ, ಅಷ್ಟೆ. ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ.

ಕುಮಾರ ಪರ್ವತವನ್ನೇ ನೋಡಿ. ಶಿಖರದ ಎತ್ತರ 1,712 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ. 21. ಗಾಳಿಯ ಒತ್ತಡ ಮಾತ್ರ ಸಮುದ್ರಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್!

ಇಲ್ಲಿ ಏದುಸಿರು ತರಿಸುವುದು ಏರುದಾರಿ. ಕುಕ್ಕೆಯಿಂದ ಹೊರಟರೆ 1,500 ಮೀಟರಿಗೂ ಹೆಚ್ಚು ಎತ್ತರವನ್ನು ನಡೆದೇ ಏರಬೇಕು. ಕಾಡು ಮುಗಿದರೆ ಹುಲ್ಲುಗಾವಲು, ಕಾದ ಬಂಡೆ, ನೆರಳು ಅಪರೂಪ. ತಲೆಸುತ್ತು, ವಾಕರಿಕೆ ಬಂದರೆ ಬಹುಪಾಲು ನೀರು, ಉಪ್ಪು ಕಡಿಮೆಯಾಗಿದೆ ಎಂದರ್ಥ. ಆಗ ಕರ್ಪೂರ ಮೂಸಿ ಮುಂದೆ ನಡೆಯುವುದೇ ಅಪಾಯ. ನೆರಳಲ್ಲಿ ಕುಳಿತು ಓಆರ್‌ಎಸ್ ಕುಡಿಯಿರಿ, ಕುತ್ತಿಗೆ ಒದ್ದೆ ಮಾಡಿಕೊಳ್ಳಿ. ಮಾತು ತೊದಲಿದರೆ, ಎದೆ ನೋವು ಬಂದರೆ ಅಲ್ಲಿಗೇ ಚಾರಣ ನಿಲ್ಲಿಸಿ, ಆಸ್ಪತ್ರೆಗೆ ಸಾಗಿಸಿ.

ಅಂದಹಾಗೆ, ಮಕ್ಕಳ ಕೈಗೆ ಕರ್ಪೂರ ಸಿಗದಿರಲಿ. ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು.

ಕೇದಾರನಾಥದ ಮಾತು ಬೇರೆ. ಅದು 3,500 ಮೀಟರಿಗೂ ಮೇಲಿದೆ. ಅಲ್ಲಿ ತಲೆನೋವಿನ ಜೊತೆ ವಾಂತಿ, ಕುಳಿತಾಗಲೂ ಏದುಸಿರು ಇದ್ದರೆ ದರ್ಶನಕ್ಕೆ ಕಾಯದೆ ಕೆಳಗಿಳಿಯಬೇಕು.