ಅಂಗವಿಕಲ ಶಿಶುವೂ ಅದರ ತಾಯಿಯೂ: ಹಾಸನ ಸೀಮೆಯನ್ನು ಕುರಿತ ಒಂದು ಚಾರಿತ್ರಿಕ ಪರಿಶೀಲನೆ

ಯಾವ ಅಂಗದ ವಿಕಾರದಿಂದ ಮನುಷ್ಯನಲ್ಲಿ ಊನವು ಕಾಣುವುದೋ ಆ ಅಂಗವನ್ನು ಹೇಳುವ ಪದಕ್ಕೆ ತೃತೀಯಾ ವಿಭಕ್ತಿಯು ಬರಬೇಕೆಂದು ಪಾಣಿನಿಯು ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದಲ್ಲಿ ವಿಧಿಸಿರುವನು. ಕಾಲಿನಿಂದ ಕುಂಟನು, ಕಣ್ಣಿನಿಂದ ಕುರುಡನು ಎಂಬುದು ಈ ವಿಧಿಯ ತಾತ್ಪರ್ಯ. ವೈಯಾಕರಣನಿಗೆ ಊನವು ಅಂಗಕ್ಕೆ ಸೇರಿದುದು. ಅಂಗಿಯಾದ ಮನುಷ್ಯನು ಅದರಿಂದ ಬೇರೆಯಾಗಿಯೇ ಉಳಿಯುವನು. ಆಡುನುಡಿಯು ಇಷ್ಟು ಸೂಕ್ಷ್ಮವನ್ನು ಪಾಲಿಸಲಿಲ್ಲ. ಹೆಳವ, ಕುಂಟ, ಮೂಗ ಎಂಬ ಮಾತುಗಳು ಅಂಗವನ್ನು ಬಿಟ್ಟು ಮನುಷ್ಯನನ್ನೇ ಹಿಡಿದುವು. ಎಷ್ಟೋ ಮನೆಗಳಲ್ಲಿ ಮಗುವಿಗಿಟ್ಟ ಹೆಸರನ್ನೂ ನುಂಗಿದುವು. ಎತ್ತಿನ ಮೇಲೆ ಕುಳಿತು ಕಾಲುಗಳನ್ನು ಮರೆಮಾಡಿಕೊಂಡು ಊರೂರು ತಿರುಗಿ ಒಕ್ಕಲುಗಳ ವಂಶಾವಳಿಯನ್ನು ಹೇಳುವ ಹೆಳವರಲ್ಲಿ ಈ ಮಾತು ಒಂದು ಕುಲಕ್ಕೇ ಹೆಸರಾಯಿತು. ಆದರೆ ಕುಲದ ಹೆಸರನ್ನು ಹೊತ್ತವನಿಗೆ ಊರಿನಲ್ಲಿ ಒಂದು ಸ್ಥಾನವುಂಟು. ಮನೆಯ ಮೂಲೆಯಲ್ಲಿ ಕುಳಿತ ಹೆಳವ ಮಗುವಿಗೆ ಆ ಸ್ಥಾನವು ಎಲ್ಲಿಂದ ದೊರೆತೀತು? ಆ ಮಗುವಿನ ಮನಸ್ಸು, ಅದನ್ನು ಹೆತ್ತವಳ ಮನಸ್ಸು ಇವೆರಡರ ಚರಿತ್ರೆಯನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವಾಗಿದೆ.

ಚರಿತ್ರಕಾರನು ಮೊದಲು ಲೆಕ್ಕವನ್ನು ಕೇಳುವನು. ಹಿಂದೂದೇಶದ ಖಾನೇಷುಮಾರಿಯಲ್ಲಿ ೧೮೮೧ರಿಂದ ೧೯೩೧ರ ವರೆಗೆ ಅಂಗವೈಕಲ್ಯಕ್ಕೆಂದೇ ಪಟ್ಟಿಗಳಿದ್ದುವು. ಮೈಸೂರು ಸಂಸ್ಥಾನದ ಹಾಸನ ಜಿಲ್ಲೆಯೂ ಅದಕ್ಕೆ ಒಳಪಟ್ಟಿತ್ತು. ಆದರೆ ಎಣಿಕೆಗೆ ಬಂದವರು ನಾಲ್ಕೇ ಬಗೆಯವರು: ಬುದ್ಧಿಭ್ರಮೆಯವರು, ಕಿವುಡುಮೂಗರು, ಎರಡು ಕಣ್ಣೂ ಇಲ್ಲದ ಕುರುಡರು, ಕುಷ್ಠರೋಗಿಗಳು. ಕೈಕಾಲುಗಳ ಶಕ್ತಿ ಕುಂದಿದವರಿಗೆ ಈ ಪಟ್ಟಿಯಲ್ಲಿ ಎಡೆಯೇ ಇರಲಿಲ್ಲ. ಆದುದರಿಂದ ಆ ಐವತ್ತು ವರ್ಷಗಳಲ್ಲಿ ಹೇಮಾವತಿಯ ದಡದ ಹಳ್ಳಿಗಳಲ್ಲಿ ಎಷ್ಟು ಮಕ್ಕಳು ನಡೆಯಲಾರದೆ ತಾಯಿಯ ಸೊಂಟದ ಮೇಲೆಯೇ ಬೆಳೆದುವೆಂದು ಆ ಗ್ರಂಥಗಳಿಂದ ತಿಳಿಯುವುದು ಅಸಾಧ್ಯ. ಎಣಿಸಿದ ಬಗೆಗಳಲ್ಲಿಯೂ ಎಳೆಯ ಮಕ್ಕಳ ಸಂಖ್ಯೆ ನಂಬತಕ್ಕುದಲ್ಲವೆಂದು ಅಧಿಕಾರಿಗಳೇ ಮತ್ತೆ ಮತ್ತೆ ಬರೆದಿರುವರು. ಮಗು ಕಿವುಡುಮೂಗೆಂದು ಒಪ್ಪಿಕೊಳ್ಳಲು ಹೆತ್ತವರಿಗೆ ಮನಸ್ಸು ಬಾರದು ಎಂಬುದೇ ಅವರು ಕೊಟ್ಟ ಕಾರಣ. ವರದಿಯು ಇದನ್ನು ಲೆಕ್ಕದ ದೋಷವೆಂದು ತಿಳಿಯಿತು. ಆದರೆ ಬಾಗಿಲಿಗೆ ಬಂದ ಶಾನುಭೋಗರಿಗೋ ಉಪಾಧ್ಯಾಯರಿಗೋ ‘ಇನ್ನೂ ಮಾತು ಬಂದಿಲ್ಲ, ಬಂದೀತು’ ಎಂದು ಹೇಳುವ ತಾಯಿ ಸುಳ್ಳು ಹೇಳಿದವಳೆನ್ನಲಾಗದು. ಅವಳ ಆಶೆಯು ಲೆಕ್ಕದ ಮನೆಗೆ ಹೊಂದಲಿಲ್ಲ, ಅಷ್ಟೆ. ಪಟ್ಟಿಯಲ್ಲಿ ಕೊರತೆಯಾಗಿ ಕಂಡುದೇ ಮನಸ್ಸಿನ ಚರಿತ್ರೆಗೆ ಸಾಕ್ಷ್ಯವಾಗಿದೆ. ಈ ಸಾಲಿನ ಕೊನೆಯದಾದ ೧೯೩೧ರ ಮೈಸೂರು ಖಾನೇಷುಮಾರಿಯ ಮೇಲ್ವಿಚಾರಣೆಯು ಸಣ್ಣಕಥೆಗಳ ಜನಕರೆನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದಾಗಿತ್ತೆಂಬುದನ್ನು ಸಾಹಿತ್ಯದ ಉಪಾಧ್ಯಾಯರು ನೆನೆಯಬಹುದು. ಮನೆಯೊಳಗಣ ನೋವನ್ನು ಬಲ್ಲ ಲೇಖನಿಗೂ ಸರ್ಕಾರಿ ಪಟ್ಟಿಯು ಒದಗಿಸಿದ್ದು ಆ ನಾಲ್ಕು ಮನೆಗಳನ್ನೇ.

ಲೆಕ್ಕವು ಮೌನವಾದಲ್ಲಿ ಪುರಾಣವು ಮಾತಾಡುವುದು. ಭಾರತದ ಕಥೆಗಳಲ್ಲಿ ಮಗುವಿನ ಊನಕ್ಕೆ ಕಾರಣವು ಬಹುವಾಗಿ ತಾಯಿಯ ಮೇಲೆಯೇ ಬಿದ್ದಿದೆ. ಅಂಬಿಕೆಯು ವ್ಯಾಸರನ್ನು ಕಂಡು ಹೆದರಿ ಕಣ್ಣು ಮುಚ್ಚಿದುದರಿಂದ ಧೃತರಾಷ್ಟ್ರನು ಕುರುಡನಾದನು. ಅದು ತಾಯಿಯ ದೋಷವೆಂದು ವ್ಯಾಸರೇ ಸತ್ಯವತಿಗೆ ತಿಳಿಸುವರು. ಅಪರಿಚಿತನ ಮುಂದೆ ಹೆಣ್ಣೊಬ್ಬಳು ಹೆದರಿದುದು ದೋಷವೆನಿಸಿತು. ಅವಳನ್ನು ಅಲ್ಲಿಗೆ ಕಳುಹಿಸಿದವರ ಪಾಲು ಏನೆಂದು ಕೇಳಿದವರಿಲ್ಲ. ವಿನತೆಯ ಕಥೆ ಇದಕ್ಕಿಂತ ಆಳವಾದುದು. ಸವತಿಯಾದ ಕದ್ರುವಿನ ಮೊಟ್ಟೆಗಳು ಒಡೆದು ಮಕ್ಕಳಾದುದನ್ನು ಕಂಡು ನಾಚಿ, ತಾಳಲಾರದೆ ಅವಳು ತನ್ನ ಎರಡು ಮೊಟ್ಟೆಗಳಲ್ಲೊಂದನ್ನು ಅಕಾಲದಲ್ಲಿ ಒಡೆಯುವಳು. ಹೊರಬಂದ ಅರುಣನಿಗೆ ಮೇಲಿನ ಅರ್ಧದೇಹವೇ ಬಲಿತಿತ್ತು. ತೊಡೆಗಳಿಲ್ಲದ ಅವನು ಅನೂರುವೆನಿಸಿದನು. ಮಗನ ಮೊದಲ ಮಾತೇ ತಾಯಿಗೆ ಶಾಪ: ಐನೂರು ವರ್ಷ ಸವತಿಯ ದಾಸಿಯಾಗು ಎಂದು. ಅದೇ ಉಸಿರಿನಲ್ಲಿ, ಎರಡನೆಯ ಮೊಟ್ಟೆಯನ್ನು ಒಡೆಯದೆ ಕಾದರೆ ಆ ಮಗನೇ ನಿನ್ನನ್ನು ಬಿಡಿಸುವನು ಎಂದೂ ಹೇಳಿ ಅವನು ಆಕಾಶಕ್ಕೇರುವನು. ಮಗುವಿನ ಕೋಪವನ್ನೂ ತಾಯಿಯ ಅಪರಾಧಭಾವವನ್ನೂ ಇಷ್ಟು ನೇರವಾಗಿ ಎದುರುಬದುರು ನಿಲ್ಲಿಸಿದ ಕಥೆ ವಿರಳ. ಬೇಲೂರು ಹಳೇಬೀಡುಗಳ ಈ ನಾಡಿನ ಶಿಲ್ಪಿಗಳಿಗೆ ಅರುಣನು ಹೊಸಬನಲ್ಲ. ಹೊಯ್ಸಳೇಶ್ವರನ ನಂದಿಮಂಟಪದ ಹಿಂದೆ ಸೂರ್ಯನಿಗೆಂದೇ ಒಂದು ಗುಡಿಯುಂಟು, ಸೂರ್ಯನೆಂದರೆ ಸಾರಥಿಯು ಅವನೇ. ಕಾಲಿಲ್ಲದವನು ರಥವನ್ನು ನಡೆಸುವನು. ಅವನ ತಾಯಿಗೆ ಆ ರಥದ ಬಳಿ ಎಡೆಯಿಲ್ಲ.

ಅಷ್ಟಾವಕ್ರನ ಕಥೆಯಲ್ಲಿ ಮಾತ್ರ ತಪ್ಪು ತಂದೆಯದು. ಗರ್ಭದಲ್ಲಿದ್ದ ಮಗನು ತನ್ನ ಅಧ್ಯಯನದಲ್ಲಿ ಕುಂದನ್ನು ಎತ್ತಿದನೆಂದು ಕಹೋಡನು ಶಪಿಸಿದುದರಿಂದ ದೇಹವು ಎಂಟು ಕಡೆ ವಕ್ರವಾಯಿತು. ಮುಂದೆ ಕಹೋಡನು ಜನಕನ ಸಭೆಯಲ್ಲಿ ವಾದದಲ್ಲಿ ಸೋತು ನೀರುಪಾಲಾದ ಸಂಗತಿಯನ್ನು ತಾಯಿ ಸುಜಾತೆಯು ಮಗನಿಂದ ಮುಚ್ಚಿಡುವಳು. ಹನ್ನೆರಡನೆಯ ವಯಸ್ಸಿನಲ್ಲಿ ಅಜ್ಜನ ತೊಡೆಯ ಮೇಲೆ ಕುಳಿತಿದ್ದ ಹುಡುಗನನ್ನು ಶ್ವೇತಕೇತುವು ಎಳೆದು, ಇದು ನಿನ್ನ ತಂದೆಯ ತೊಡೆಯಲ್ಲ ಎನ್ನುವನು. ಹುಡುಗನು ಅಳುತ್ತ ಬಂದು ತಾಯಿಯನ್ನು ಕೇಳಿದುದು ತನ್ನ ಮೈಯ ವಿಷಯವನ್ನಲ್ಲ, ತಂದೆ ಎಲ್ಲಿ ಎಂಬುದನ್ನು. ವಿಕಲಾಂಗ ಶಿಶುವಿನ ದುಃಖವೆಲ್ಲವೂ ಅಂಗದಿಂದಲೇ ಹುಟ್ಟಿತೆಂದು ತಿಳಿಯುವವರು ಈ ಪ್ರಸಂಗವನ್ನು ಗಮನಿಸಬೇಕು. ಸತ್ಯವನ್ನು ಕೇಳಿದ ಮೇಲೆಯೇ ಅವನು ಜನಕನ ಸಭೆಗೆ ನಡೆದನು. ಸಮಂಗಾ ನದಿಯಲ್ಲಿ ಮೈ ನೆಟ್ಟಗಾದುದು ವಾದವನ್ನು ಗೆದ್ದ ಮೇಲಿನ ಮಾತು.

ಇಂತಹ ಕಥೆಗಳನ್ನು ಕೇಳಿ ಬೆಳೆದ ಹೆಂಗಸು, ಗ್ರಹಣಕಾಲದಲ್ಲಿ ಬಸುರಿಯು ಹೊರಗೆ ಬರಬಾರದು, ಏನನ್ನೂ ಕೊಯ್ಯಬಾರದು ಎಂಬ ಕಟ್ಟಳೆಯನ್ನೂ ಹೊತ್ತಿದ್ದಳು. ಮಗುವಿನ ತುಟಿ ಸೀಳಿದ್ದರೆ, ಪಾದ ತಿರುಚಿದ್ದರೆ ಊರಿನವರ ಮೊದಲ ಪ್ರಶ್ನೆ ಅವಳಿಗೆ. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಂತಹ ಕಡೆ ಹೆರಿಗೆಯು ಸುರಕ್ಷಿತವಾಯಿತು, ಪ್ರಶ್ನೆ ನಿಲ್ಲಲಿಲ್ಲ.

ವಿದ್ಯೆಯ ಬಾಗಿಲು ಮೊದಲು ತೆರೆದುದು ಮೈಸೂರಿನಲ್ಲಿ, ೧೯೦೧ರಲ್ಲಿ. ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಕುರುಡ ಕಿವುಡ ಮಕ್ಕಳಿಗೆ ಅಲ್ಲಿ ಶಾಲೆಯಾಯಿತು. ಆಗ ಹಾಸನಕ್ಕೂ ಮೈಸೂರಿಗೂ ರೈಲು ಇರಲಿಲ್ಲ. ಅರಕಲಗೂಡಿನ ಒಬ್ಬ ತಾಯಿಗೆ ಮಗುವನ್ನು ಓದಿಸುವುದೆಂದರೆ ಅದನ್ನು ಅಗಲುವುದೇ ಆಗಿತ್ತು. ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಉತ್ತರ ಕರ್ನಾಟಕದಲ್ಲಿ ಅಂಧಬಾಲರಿಗೆ ಸಂಗೀತವನ್ನು ಕಲಿಸಿ ಬಾಳುಕೊಟ್ಟುದು ಪ್ರಾತಃಸ್ಮರಣೀಯವಾದ ಕಾರ್ಯ; ಅಲ್ಲಿಯೂ ಮಗುವು ಆಶ್ರಮದ ಮಗುವಾಯಿತು. ಈ ಅಗಲಿಕೆಯ ಬೆಲೆಯನ್ನು ಚರಿತ್ರೆಯು ಇನ್ನೂ ಬರೆದಿಲ್ಲ. ಕೈಕಾಲು ಸೋತ ಮಕ್ಕಳಿಗಂತೂ ಬಹುಕಾಲ ಇದಿಷ್ಟೂ ಇರಲಿಲ್ಲ. ಬೆಂಗಳೂರಿನಲ್ಲಿ ಸ್ವತಃ ಪೋಲಿಯೋ ಪೀಡಿತರಾದ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಘವನ್ನು ಸ್ಥಾಪಿಸಿದುದು ೧೯೫೯ರಲ್ಲಿ.

ಮನಶ್ಶಾಸ್ತ್ರವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದುದು ೧೯೨೪ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರಿಂದ. ಅಂಗದ ಕೊರತೆಯು ಮನಸ್ಸಿನಲ್ಲಿ ಕೀಳರಿಮೆಯನ್ನು ಹುಟ್ಟಿಸುವುದೆಂಬ ದಾರಿಯಲ್ಲಿ ಆಡ್ಲರನು ೧೯೦೭ರಲ್ಲಿಯೇ ಬರೆದಿದ್ದನು. ಆದರೆ ೧೯೬೦ರಲ್ಲಿ ಬಿಯಾಟ್ರಿಸ್ ರೈಟ್ ಎಂಬ ಅಮೆರಿಕದ ವಿದುಷಿಯು ಅದುವರೆಗಿನ ಶೋಧನೆಗಳನ್ನು ಒಟ್ಟುಗೂಡಿಸಿ, ಇಂತಹ ಊನಕ್ಕೆ ಇಂತಹ ಸ್ವಭಾವ ಎಂಬ ನಿಯಮವು ಸಿದ್ಧವಾಗದೆಂದು ತೋರಿಸಿದಳು. ಊನವು ಹೆಚ್ಚಾದಷ್ಟು ಮನಸ್ಸು ಕೆಡುವುದೆಂದೇನೂ ಇಲ್ಲ. ಸುತ್ತಣವರ ನೋಟಕ್ಕೆ ಅಲ್ಲಿ ಬಹಳ ಬಲವುಂಟು. ಎರಡು ವರ್ಷಗಳ ಮೇಲೆ ಓಲ್‌ಶಾನ್‌ಸ್ಕಿಯು ಬುದ್ಧಿ ಬಲಿಯದ ಮಕ್ಕಳ ತಂದೆತಾಯಿಗಳ ವಿಷಯದಲ್ಲಿ ‘ನಿರಂತರ ಶೋಕ’ ಎಂಬ ಪರಿಭಾಷೆಯನ್ನು ತಂದು, ಅದು ರೋಗವಲ್ಲ, ಸಹಜವಾದ ಪ್ರತಿಕ್ರಿಯೆ ಎಂದನು. ತಾಯಿಯು ದುಃಖವನ್ನು ಮರೆತರೇ ಹೊಂದಿಕೊಂಡಳೆಂದು ಅಳೆಯುವ ಪರೀಕ್ಷಕರಿಗೆ ಈ ಮಾತು ಎಚ್ಚರಿಕೆಯಾಗಬೇಕು. ರಾಗಿಹೊಲದ ಬದುವಿನಲ್ಲಿ ಮಗುವನ್ನು ಕೂರಿಸಿ ಕಳೆ ಕೀಳುವ ಚನ್ನರಾಯಪಟ್ಟಣದ ಕಡೆಯ ಹೆಂಗಸು ಅತ್ತರೂ ಹೊಂದಿಕೊಂಡವಳೇ ಆಗಿರಬಹುದು.

ಪೋಲಿಯೋ ಈ ಚರಿತ್ರೆಯಲ್ಲಿ ಒಂದು ತಿರುವು. ೧೯೯೫ರಿಂದ ದೇಶಾದ್ಯಂತ ಲಸಿಕೆಯ ದಿನಗಳು ನಡೆದುವು. ಭಾರತದ ಕೊನೆಯ ಪ್ರಕರಣವು ೨೦೧೧ರ ಜನವರಿ ೧೩ರಂದು ಬಂಗಾಳದ ಹಾವ್ಡಾದಲ್ಲಿ ಕಂಡಿತು. ೨೦೧೪ರ ಮಾರ್ಚಿಯಲ್ಲಿ ದೇಶವು ಈ ರೋಗದಿಂದ ಮುಕ್ತವೆಂದು ಪ್ರಮಾಣಿತವಾಯಿತು. ಲಾಭವು ಅಪಾರ. ಆದರೆ ಗ್ರಹಣದ ಜಾಗದಲ್ಲಿ ‘ಹನಿ ಹಾಕಿಸಿದೆಯಾ?’ ಎಂಬ ಹೊಸ ಪ್ರಶ್ನೆ ಬಂದು, ಉತ್ತರಿಸುವ ಹೊಣೆ ಹಿಂದಿನವಳದೇ ಆಯಿತು.

ಅಂಗವಿಕಲರ ಹಕ್ಕುಗಳಿಗೆ ೧೯೯೫ರಲ್ಲಿ ಒಂದು ಶಾಸನವಾಯಿತು. ೨೦೧೬ರ ಶಾಸನವು ಅದನ್ನು ವಿಸ್ತರಿಸಿ ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿತು. ಶಿಕ್ಷಣದ ಹಕ್ಕಿನ ಕಾನೂನಿಗೆ ೨೦೧೨ರಲ್ಲಿ ಮಾಡಿದ ತಿದ್ದುಪಡಿಯು ತೀವ್ರ ವೈಕಲ್ಯವುಳ್ಳ ಮಗುವು ಮನೆಯಲ್ಲಿಯೇ ಓದಬಹುದೆಂದಿತು. ೧೯೦೧ರಲ್ಲಿ ವಿದ್ಯೆಗಾಗಿ ಮನೆಯನ್ನು ಬಿಡಬೇಕಾಗಿದ್ದ ಮಗುವಿನ ಬಳಿಗೆ ವಿದ್ಯೆಯೇ ಬಂದಿತು; ಉಪಾಧ್ಯಾಯನು ಹೋದ ಮೇಲೆ ಉಳಿದ ಹೊತ್ತಿನ ಪಾಠವು ತಾಯಿಯ ಪಾಲಿಗೆ ಬಂದಿತು. ಐವತ್ತು ವರ್ಷ ಬಿಟ್ಟು ೧೯೮೧ರ ಜನಗಣತಿಯು ಅಂಗವಿಕಲರನ್ನು ಮತ್ತೆ ಎಣಿಸಿದಾಗ ಕೈಕಾಲುಗಳ ಊನಕ್ಕೆ ಮೊದಲ ಬಾರಿಗೆ ಎಡೆ ದೊರೆಯಿತು. ೨೦೦೧ರಲ್ಲಿ ಐದು ಬಗೆ, ೨೦೧೧ರಲ್ಲಿ ಎಂಟು ಬಗೆ ಎಣಿಕೆಗೆ ಬಂದುವು. ಮಗುವನ್ನು ಎತ್ತಿ ಇಳಿಸುವವರು ಯಾರು, ದಿನಕ್ಕೆ ಎಷ್ಟು ಹೊತ್ತು ಎಂಬುದಕ್ಕೆ ಈ ಯಾವ ಎಣಿಕೆಯಲ್ಲಿಯೂ ಅಂಕಣವಿಲ್ಲ.